ಟ್ರಿಗರ್ ಮುಟ್ಟದ ಬೆರಳು

"ಮೇಡಂ, ಕೈ ತೆಗೀರಿ!"

ಕೂಗಿದ್ದು ಕೀರ್ತಿ. ಇನ್‌ಸ್ಪೆಕ್ಟರ್ ಸೌಮ್ಯಶ್ರೀ ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಆಗತಾನೆ ಸೀಲು ಒಡೆದ ಬಟ್ಟೆಯ ಚೀಲದಿಂದ ರೈಫಲ್ ಅರ್ಧ ಹೊರಬಂದು ಮೇಜಿನ ಮೇಲೆ ಚಾಚಿಕೊಂಡಿತ್ತು.

ಆರೋಪಿಯೊಬ್ಬಳು ಇನ್‌ಸ್ಪೆಕ್ಟರ್ ಮೇಲೆ ದನಿ ಎತ್ತಿದ್ದನ್ನು ಕಂಡು ಮಹಿಳಾ ಪೇದೆ ಅವಳ ರಟ್ಟೆ ಬಿಗಿಯಾಗಿ ಹಿಡಿದಳು. ಕೀರ್ತಿ ಬಿಡಿಸಿಕೊಳ್ಳಲು ಹೋಗಲಿಲ್ಲ. ಅವಳ ಕಣ್ಣು ರೈಫಲಿನಿಂದ ಕದಲಲಿಲ್ಲ.

"ಬೋಲ್ಟ್ ಮುಚ್ಚಿದೆ ಮೇಡಂ. ಒಳಗೇನಿದೆ ಅಂತ ಯಾರೂ ನೋಡಿಲ್ಲ. ಮೂತಿ ಇವರ ಹೊಟ್ಟೆ ಕಡೆಗಿದೆ," ಎಂದು ತನ್ನನ್ನು ಹಿಡಿದಿದ್ದ ಪೇದೆಯತ್ತಲೇ ಗಲ್ಲ ಚಾಚಿದಳು. "ನಾನು ಮುಟ್ಟಲ್ಲ. ಹೇಳ್ತೀನಿ, ನೀವೇ ಮಾಡಿ. ಮೊದಲು ಟಾರ್ಗೆಟ್ ಕಡೆ ತಿರುಗಿಸಿ. ಬೆರಳು ಹೊರಗಡೆನೇ ಇರಲಿ. ಈಗ ಬೋಲ್ಟಿನ ಆ ಹಿಡಿ ಎತ್ತಿ ಹಿಂದಕ್ಕೆ ಎಳೀರಿ."

ಸೌಮ್ಯಶ್ರೀ ಹೇಳಿದಂತೆಯೇ ಮಾಡಿದರು. ಖಾಲಿ ಹಿತ್ತಾಳೆಯ ಕಾಡತೂಸೊಂದು ಹೊರಜಿಗಿದು ಸಿಮೆಂಟ್ ನೆಲದ ಮೇಲೆ ಟಿಣ್ಣೆಂದಿತು.

"ಅವತ್ತಿಂದು," ಎಂದಳು ಕೀರ್ತಿ. ಅವಳ ಮುಖ ಬಿಳಿಚಿಕೊಂಡಿತು.

ಅವತ್ತು, ಎಂದರೆ ಕಳೆದ ವಾರ, ಇಲವಾಲದ ಆಚೆಯ ಈ ರೈಫಲ್ ಕ್ಲಬ್ಬಿನಲ್ಲಿ ಕೀರ್ತಿಯ ಕೈಯಲ್ಲಿದ್ದ ಇದೇ ರೈಫಲಿನಿಂದ ಗುಂಡು ಹಾರಿ, ಅದರ ಚೂರು ಕೋಚ್ ಕೃಷ್ಣಸ್ವಾಮಿಯವರ ಕುತ್ತಿಗೆ ಹೊಕ್ಕಿತ್ತು. ಅವರು ಇನ್ನೂ ಪ್ರಜ್ಞೆಯಿಲ್ಲದೆ ಆಸ್ಪತ್ರೆಯಲ್ಲಿದ್ದರು. ಹುಡುಗಿಯ ಮೇಲೆ ಕೊಲೆಯತ್ನದ ಕೇಸು ಬಿದ್ದಿತ್ತು. ನಡೆದದ್ದನ್ನು ಸ್ಥಳದಲ್ಲೇ ಪರೀಕ್ಷಿಸಲು ಇವತ್ತು ರೈಫಲಿನ ಜೊತೆ ಅವಳನ್ನೂ ಇಲ್ಲಿಗೆ ಕರೆತಂದಿದ್ದರು.

ಕಾರಣ ಹುಡುಕಲು ಪೊಲೀಸರು ದೂರ ಹೋಗಬೇಕಾಗಿರಲಿಲ್ಲ. ರಾಜ್ಯಮಟ್ಟದ ಸ್ಪರ್ಧೆಯ ತಂಡದಿಂದ ಕೋಚ್ ಅವಳನ್ನು ಕೈಬಿಟ್ಟು, ಅವಳ ಜೊತೆಗೇ ಕಲಿಯುತ್ತಿದ್ದ ಉದಯಗಿರಿಯ ಸುಷ್ಮಿತಾಳನ್ನು ಸೇರಿಸಿಕೊಂಡಿದ್ದರು. ಅದಕ್ಕಾಗಿ ಹಿಂದಿನ ದಿನ ಗುರುಶಿಷ್ಯೆಯರ ನಡುವೆ ನಡೆದ ಜಗಳ ಇಡೀ ಕ್ಲಬ್ಬಿಗೆ ಕೇಳಿಸಿತ್ತು.

ಕೀರ್ತಿಯ ಹೇಳಿಕೆ ಮಾತ್ರ ಮೊದಲ ದಿನದಿಂದ ಒಂದಕ್ಷರ ಬದಲಾಗಿರಲಿಲ್ಲ. ರೈಫಲ್ ನನ್ನ ಕೈಯಲ್ಲೇ ಇತ್ತು. ಮೂತಿ ಸರ್ ಕಡೆ ಇರಲಿಲ್ಲ. ನನ್ನ ಬೆರಳು ಟ್ರಿಗರ್ ಮೇಲಿರಲಿಲ್ಲ.

ಸುಳ್ಳು ಹೇಳುವವರನ್ನು ಸೌಮ್ಯಶ್ರೀ ಬೇಕಾದಷ್ಟು ಕಂಡಿದ್ದರು. ಅಂಥವರು ದಿನಕ್ಕೊಂದು ಬಣ್ಣ ಹಚ್ಚುತ್ತಾರೆ, ಕೇಳುವವರ ಮುಖ ನೋಡಿಕೊಂಡು ಮಾತು ತಿದ್ದುತ್ತಾರೆ. ಈ ಹುಡುಗಿ ತನಗೆ ಅನುಕೂಲವಾಗುವ ಮಾತನ್ನೂ ಸೇರಿಸುತ್ತಿರಲಿಲ್ಲ. ಈಗ ನೋಡಿದರೆ, ತನ್ನನ್ನು ಲಾಕಪ್ಪಿಗೆ ಹಾಕಿದವರ ಜೀವಕ್ಕೆ ಅವಳೇ ಕಾವಲು ನಿಂತಿದ್ದಾಳೆ.

"ಈ ಚೀಲಕ್ಕೆ ಸೀಲು ಹಾಕಿದ ಮಹಾನುಭಾವರು ಯಾರು?"

ಹಿಂದಿನಿಂದ ಗಡಸು ದನಿ ಬಂತು. ವಿಧಿವಿಜ್ಞಾನ ಪ್ರಯೋಗಾಲಯದ ಬೋರಮ್ಮ ಜೀಪಿನಿಂದ ತಮ್ಮ ಪೆಟ್ಟಿಗೆ ಇಳಿಸಿಕೊಂಡು ಬರುತ್ತಿದ್ದರು. ಗಿಡ್ಡ ಆಳು, ತಲೆಯ ಮೇಲೆ ಏರಿಸಿದ ಕನ್ನಡಕ, ಬಂದೂಕುಗಳ ವಿಷಯದಲ್ಲಿ ಡಾಕ್ಟರೇಟ್. ಕೋರ್ಟಿನಲ್ಲಿ ಅವರು ಸಾಕ್ಷಿ ಹೇಳುತ್ತಾರೆಂದರೆ ಎರಡೂ ಕಡೆಯ ವಕೀಲರು ಹಿಂದಿನ ದಿನವೇ ಓದಿಕೊಂಡು ಬರುತ್ತಿದ್ದರು.

"ನಮ್ಮ ಸ್ಟೇಷನ್ನಿನವರೇ ಮೇಡಂ," ಎಂದರು ಸೌಮ್ಯಶ್ರೀ. "ಈಗ ಬಿಚ್ಚಿದವಳು ನಾನು. ತಪ್ಪಾಯ್ತು."

"ತಪ್ಪು ಹಿಡಿದವರು?"

"ಆರೋಪಿ."

ಬೋರಮ್ಮ ಕನ್ನಡಕ ಇಳಿಸಿ ಕೀರ್ತಿಯನ್ನು ಒಮ್ಮೆ ನೋಡಿದರು. "ಒಳ್ಳೆ ಕೆಲಸ ಮಾಡಿದೆ ಕಣಮ್ಮ," ಎಂದಷ್ಟೇ ಹೇಳಿ ಕೆಲಸಕ್ಕೆ ಇಳಿದರು.

ಆಷಾಢದ ಗಾಳಿ ಟಾರ್ಗೆಟ್ ಕಾಗದಗಳನ್ನು ಪಟಪಟನೆ ಬಡಿಯುತ್ತಿತ್ತು. ಶುಕ್ರವಾರದ ದೇವಿ ಪೂಜೆಗೆ ಜನ ಸೇರುವುದರಿಂದ ಸ್ಟೇಷನ್ನಿನ ಅರ್ಧ ಸಿಬ್ಬಂದಿ ಬೆಟ್ಟದ ಬಂದೋಬಸ್ತಿಗೆ ಹೋಗಿಬಿಟ್ಟಿತ್ತು. ರೇಂಜಿನ ತಗಡಿನ ಮಾಡಿನಡಿ ಇವರಲ್ಲದೆ ಇದ್ದವರು ಇಬ್ಬರು ಪೇದೆಯರು, ಕ್ಲಬ್ಬಿನ ಕಾರ್ಯದರ್ಶಿ ವಾಗೀಶ, ಮತ್ತೆ ಕೀರ್ತಿಯ ತಂದೆ ನಾಗೇಂದ್ರ. ಹಿನಕಲ್‌ನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಮನುಷ್ಯ ಒಂದು ವಾರದಿಂದ ಅದರ ಬಾಗಿಲು ತೆಗೆದಿರಲಿಲ್ಲ.

ಸೌಮ್ಯಶ್ರೀ ಜೇಬಿನಿಂದ ಪುಟ್ಟ ಡಬ್ಬಿ ತೆಗೆದರು. ಕೃಷ್ಣಸ್ವಾಮಿಯವರ ಕುತ್ತಿಗೆಯಿಂದ ಡಾಕ್ಟರು ಹೊರತೆಗೆದ ಸೀಸದ ಚೂರು ಅದರಲ್ಲಿತ್ತು. ಅಕ್ಕಿಕಾಳಿನಷ್ಟು ದೊಡ್ಡದು. ಒಂದು ಅಂಚಿಗೆ ನೀಲಿ ಬಣ್ಣ ಮೆತ್ತಿಕೊಂಡಿತ್ತು.

"ಮನುಷ್ಯನ ಮೈಯಲ್ಲಿ ನೀಲಿ ಪೇಂಟ್ ಇರಲ್ಲ," ಎಂದರು ಅವರು. "ಗುಂಡು ಇನ್ನೇನಕ್ಕೋ ತಾಗಿ ಆಮೇಲೆ ಕೋಚ್ ಕಡೆ ಬಂದಿದೆ."

ಕೀರ್ತಿ ನಿಂತಿದ್ದ ಜಾಗದ ಮುಂದೆ, ದುರ್ಬೀನು ಇಡುವ ಕಬ್ಬಿಣದ ಸ್ಟ್ಯಾಂಡ್ ಇತ್ತು. ಅದಕ್ಕೆ ಬಳಿದದ್ದು ನೀಲಿ ಬಣ್ಣ. ಸೌಮ್ಯಶ್ರೀ ಮೊಣಕಾಲೂರಿ ಕೂತು ಅದರ ಕಾಲುಗಳ ಮೇಲೆ ಬೆರಳಾಡಿಸುತ್ತ ಹೋದರು. ನೆಲಕ್ಕೆ ಒಂದು ಗೇಣು ಎತ್ತರದಲ್ಲಿ ಬಣ್ಣ ಎದ್ದುಹೋಗಿ, ಕಬ್ಬಿಣ ಗುಳಿಬಿದ್ದು, ಗುಳಿಯ ಸುತ್ತ ಬೂದುಬಣ್ಣದ ಸೀಸ ಸವರಿಕೊಂಡಿತ್ತು.

ಬೋರಮ್ಮ ಪಕ್ಕದಲ್ಲಿ ಬಗ್ಗಿ ದೀಪ ಹಿಡಿದರು. "ಮೂತಿ ಟಾರ್ಗೆಟ್ ಕಡೆನೇ ಇತ್ತು, ನೆಲಕ್ಕೆ ಬಗ್ಗಿತ್ತು. ಗುಂಡು ಕಬ್ಬಿಣಕ್ಕೆ ಬಡಿದು ಚೂರಾಗಿ ಪಕ್ಕಕ್ಕೆ ಹಾರಿದೆ. ಪಕ್ಕದಲ್ಲಿ ಯಾರಿದ್ರು?"

"ಸರ್," ಎಂದಳು ಕೀರ್ತಿ. "ನನ್ನ ಕಾಲು ಎಲ್ಲಿಟ್ಟಿದೀನಿ ಅಂತ ಬಗ್ಗಿ ನೋಡ್ತಿದ್ರು. ಜಗಳ ಆಡಿದ್ರೂ ಪ್ರ್ಯಾಕ್ಟೀಸ್ ತಪ್ಪಿಸೋ ಹಾಗಿಲ್ಲ ಅಂತ ಅವ್ರೇ ಫೋನ್ ಮಾಡಿ ಕರೆಸ್ಕೊಂಡಿದ್ರು."

ಅವಳ ಮೂರು ಮಾತಿನಲ್ಲಿ ಎರಡು ನಿಜವಾದವು. ಉಳಿದದ್ದು ಬೆರಳು.

ಬೋರಮ್ಮ ಖಾಲಿ ರೈಫಲನ್ನು ಎತ್ತಿಕೊಂಡರು. ಬೆರಳುಗಳನ್ನೆಲ್ಲ ಟ್ರಿಗರಿನಿಂದ ದೂರ ಚಾಚಿ ಎಲ್ಲರಿಗೂ ತೋರಿಸಿದರು. ಬೋಲ್ಟನ್ನು ಮುಂದೆ ತಳ್ಳಿ ಮುಚ್ಚಿದರು. ಏನೂ ಆಗಲಿಲ್ಲ. ತೆಗೆದು ಮತ್ತೆ ಮುಚ್ಚಿದರು. ಮತ್ತೆ. ಮತ್ತೆ. ರೈಫಲ್ ಸಾಧು ಪ್ರಾಣಿಯಂತೆ ಸುಮ್ಮನಿತ್ತು.

ವಾಗೀಶ ಕೆಮ್ಮಿದರು. ಇಸ್ತ್ರಿ ಮಾಡಿದ ತೋಳು, ಅಚ್ಚುಕಟ್ಟಾದ ಮೀಸೆ. ದೊಡ್ಡ ಕಂಪನಿಯೊಂದರಲ್ಲಿ ಎಂಜಿನಿಯರಾಗಿ ನಿವೃತ್ತರಾದವರು.

"ನೋಡಿ ಮೇಡಂ, ಇದು ಸ್ಪರ್ಧೆಗೆ ಅಂತಲೇ ಮಾಡಿದ ರೈಫಲ್. ಇದರ ಟ್ರಿಗರ್ ಹಗುರವಾಗೇ ಇರುತ್ತೆ, ಹೂವು ಮುಟ್ಟಿದ ಹಾಗೆ ಮುಟ್ಟಿದರೂ ಸಾಕು. ಮಗು ಗೊತ್ತಿಲ್ಲದೆ ಬೆರಳು ತಾಗಿಸಿರಬಹುದು. ಉದ್ದೇಶ ಇರಲಿಲ್ಲ ಅಂತ ಗುಂಡಿನ ಗುರುತೇ ಹೇಳ್ತಿದೆ. ಅಜಾಗ್ರತೆ ಅಂತ ಬರೆದುಕೊಂಡರೆ ಅವಳಿಗೂ ಬಿಡುಗಡೆ, ನಮಗೂ ನೆಮ್ಮದಿ."

ನಾಗೇಂದ್ರ ಓಡಿಬಂದು ಮಗಳ ಮುಂದೆ ನಿಂತರು. "ಅಂಗೇ ಅಂದ್ಬುಡು ಕಣವ್ವ. ಬೆರಳು ತಾಗಿತ್ತು ಅನ್ನು. ಕೊಲೆ ಕೇಸು ಹೋಯ್ತದೆ. ನಿಮ್ಮಮ್ಮ ಊಟ ಬುಟ್ಟವ್ಳೆ."

ವಾಗೀಶ ಹೇಳಿದ ದಾರಿ ಸುಲಭದ್ದು, ಕೋರ್ಟು ಒಪ್ಪುವಂಥದ್ದು. ಈ ಹುಡುಗಿ ಏನು ಮಾಡುತ್ತಾಳೋ ನೋಡಬೇಕೆಂದು ಸೌಮ್ಯಶ್ರೀಗೆ ಅನಿಸಿತು.

ಕೀರ್ತಿ ಅಪ್ಪನ ಕೈ ಹಿಡಿದುಕೊಂಡಳು.

"ಹಂಗಂದ್ರೆ ಏನಾಗುತ್ತೆ ಗೊತ್ತಾ ಅಪ್ಪ? ತಪ್ಪು ನಂದು ಅಂತ ಆಗುತ್ತೆ. ರೈಫಲ್ದು ಏನೂ ತಪ್ಪಿಲ್ಲ ಅಂತ ಆಗುತ್ತೆ. ಕೇಸು ಮುಗಿದ ಮೇಲೆ ಇದನ್ನ ವಾಪಸ್ಸು ತಂದು ಬೀರುವಲ್ಲಿ ಇಡ್ತಾರೆ. ನಾಳೆ ಇನ್ಯಾರೋ ಎತ್ಕೋತಾರೆ. ಬೇಸಿಗೆ ಶಿಬಿರಕ್ಕೆ ಎಂಥೆಂಥ ಸಣ್ಣ ಮಕ್ಕಳು ಬರ್ತಾರೆ, ನೀನೇ ನೋಡಿದೀಯಲ್ಲ."

"ನಿನ್ನ ಗತಿ ಏನವ್ವಾ?"

"ನಾನು ಮಾಡದೇ ಇರೋ ತಪ್ಪನ್ನ ಒಪ್ಕೊಂಡು ಹೊರಗೆ ಬಂದ್ರೆ, ಆಮೇಲೆ ಯಾವತ್ತೂ ಬಂದೂಕು ಹಿಡಿಯೋ ಯೋಗ್ಯತೆ ನಂಗಿರಲ್ಲ ಅಪ್ಪ."

ನಾಗೇಂದ್ರ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಮಗಳ ತಲೆ ಸವರಿ, ಹೋಗಿ ಮೊದಲು ಒರಗಿದ್ದ ಕಂಬದ ಪಕ್ಕ ನಿಂತರು. ಆದರೆ ಈಗ ಅವರ ಬೆನ್ನು ನೆಟ್ಟಗಿತ್ತು.

ಸೌಮ್ಯಶ್ರೀ ಅವಳ ಹತ್ತಿರ ಬಂದರು. ಇಪ್ಪತ್ತು ತುಂಬದ ಹುಡುಗಿ. ಜೈಲಿನ ಬಾಗಿಲು ಎದುರಿಗೇ ತೆರೆದಿದೆ. ಅವಳ ಚಿಂತೆಯೆಲ್ಲ ಮುಂದೆ ಈ ರೈಫಲ್ ಎತ್ತಿಕೊಳ್ಳುವ, ತಾನು ಕಂಡೇ ಇರದ ಯಾವುದೋ ಮಗುವಿನದು.

"ಕೀರ್ತಿ," ಎಂದರು. "ಆವತ್ತು ನೀನು ಬೋಲ್ಟ್ ಹೀಗೇ ಮುಚ್ಚಿದ್ಯಾ? ಮೇಡಂ ಮುಚ್ಚಿದ ಹಾಗೆ?"

ಹುಡುಗಿ ಯೋಚಿಸಿದಳು. "ಇಲ್ಲ ಮೇಡಂ. ಇವ್ರು ತೊಟ್ಟಿಲು ತೂಗಿದ ಹಾಗೆ ಮುಚ್ತಿದಾರೆ. ಸ್ಪರ್ಧೇಲಿ ಗಡಿಯಾರ ಓಡ್ತಿರುತ್ತೆ. ಒಂದೇ ಏಟಿಗೆ ತಳ್ಳಿ, ಒಂದೇ ಏಟಿಗೆ ಇಳಿಸ್ತೀವಿ."

ಬೋರಮ್ಮ ಹುಬ್ಬೇರಿಸಿದರು. ಕಾಲು ಅಗಲಿಸಿ ನಿಂತು, ಬೋಲ್ಟನ್ನು ರಪ್ಪನೆ ತಳ್ಳಿ ಇಳಿಸಿದರು.

ಏನೂ ಇಲ್ಲ.

ಮತ್ತೊಮ್ಮೆ. ಇಲ್ಲ. ಮತ್ತೊಮ್ಮೆ. ವಾಗೀಶ ಕೈಗಡಿಯಾರ ನೋಡಿಕೊಂಡರು. ಗಾಳಿ ನಿಂತಿತು. ಮತ್ತೊಮ್ಮೆ...

ಟಕ್.

ಸಣ್ಣ ಸದ್ದು. ಆದರೆ ಮಾಡಿನಡಿ ಇದ್ದ ಪ್ರತಿಯೊಬ್ಬರಿಗೂ ಕೇಳಿಸಿತು. ಬೋರಮ್ಮನ ಬೆರಳುಗಳು ಟ್ರಿಗರಿನಿಂದ ದೂರ, ಬೀಸಣಿಗೆಯಂತೆ ಅರಳಿಕೊಂಡೇ ಇದ್ದವು. ಒಳಗೆ ಕಾಡತೂಸು ಇದ್ದಿದ್ದರೆ ಅದು ಸಿಡಿದಿರುತ್ತಿತ್ತು.

ಕೀರ್ತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳ ರಟ್ಟೆ ಹಿಡಿದಿದ್ದ ಪೇದೆ ತನಗೇ ಗೊತ್ತಿಲ್ಲದೆ ಅವಳ ಬೆನ್ನು ನೇವರಿಸತೊಡಗಿದ್ದಳು.

"ಪ್ರತಿ ಸಲ ಆಗಲ್ಲ. ಇದರ ಅಪಾಯ ಇರೋದೇ ಅಲ್ಲಿ," ಎಂದರು ಬೋರಮ್ಮ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ರೈಫಲಿನ ಮರದ ಭಾಗ ಬೇರ್ಪಡಿಸಿ, ಟ್ರಿಗರಿನ ಪೆಟ್ಟಿಗೆಯನ್ನು ಕಳಚಿ ಭೂತಗನ್ನಡಿಯ ಕೆಳಗಿಟ್ಟರು. "ಬನ್ನಿ ಇನ್‌ಸ್ಪೆಕ್ಟರೇ, ನೋಡಿ. ವಾಗೀಶರೇ, ನೀವೂ ಬನ್ನಿ, ಎಂಜಿನಿಯರು ನೀವು. ಸ್ಪ್ರಿಂಗನ್ನ ತಡೆದು ಹಿಡ್ಕೊಳ್ಳೋ ಕೊಕ್ಕೆ ಇದು. ಇದರ ತುದಿ ನೋಡಿ, ಹೇಗೆ ಹೊಳೀತಿದೆ. ಕಾರ್ಖಾನೆಯ ಹೊಳಪಲ್ಲ. ಯಾರೋ ಉಜ್ಜಿದ್ದಾರೆ."

"ಹಗುರ ಮಾಡೋಕೆ?"

"ಹಗುರ ಮಾಡೋದು ತಪ್ಪಲ್ಲ. ತಿಳಿದವರು ಮಾಡಿದರೆ ಹಗುರದ ಟ್ರಿಗರೂ ಕಲ್ಲಿನ ಹಾಗೆ ಭದ್ರವಾಗಿರುತ್ತೆ. ಚಿಲಕ ಸಲೀಸಾಗಿ ತೆಗೆಯೋ ಹಾಗಿರೋದು ಬೇರೆ, ಚಿಲಕ ಅರ್ಧಂಬರ್ಧ ಸಿಕ್ಕಿಕೊಂಡಿರೋದು ಬೇರೆ. ಇಲ್ಲಿ ಕೊಕ್ಕೆ ಕೂದಲೆಳೆಯಷ್ಟು ಹಿಡ್ಕೊಂಡಿದೆ. ಜೋರಾಗಿ ಅದುರಿದರೆ ಯಾವತ್ತೋ ಒಂದಿನ ಜಾರುತ್ತೆ. ಬೆರಳೇ ಬೇಕಿಲ್ಲ."

ಸೌಮ್ಯಶ್ರೀ ನೋಡಿದ್ದು ಕೊಕ್ಕೆಯನ್ನಲ್ಲ, ವಾಗೀಶರನ್ನು. ಅವರು ಭೂತಗನ್ನಡಿಗೆ ಬಗ್ಗಲೇ ಇಲ್ಲ. ಒಳಗೆ ಏನಿದೆಯೆಂದು ಗೊತ್ತಿದ್ದವರಿಗೆ ಬಗ್ಗಿ ನೋಡುವ ಅಗತ್ಯವಿರುವುದಿಲ್ಲ.

"ನಿಮ್ಮ ಆಫೀಸಿನಲ್ಲಿ ಎರಡು ಮಾತು ಆಡೋಣ," ಎಂದರು.

ಆಫೀಸಿನ ಗೋಡೆ ತುಂಬ ಮಕ್ಕಳ ಫೋಟೋಗಳಿದ್ದವು. ಪದಕ ಕಚ್ಚಿ ನಗುವ ಮಕ್ಕಳು. ಹೆಚ್ಚಿನವುಗಳಲ್ಲಿ ಒಂದು ಪಕ್ಕಕ್ಕೆ ಸರಿದು, ಕ್ಯಾಮೆರಾ ತಪ್ಪಿಸಿಕೊಳ್ಳುವಂತೆ ನಿಂತ ತೆಳ್ಳನೆಯ ಮನುಷ್ಯ ಕೃಷ್ಣಸ್ವಾಮಿ. ವಾಗೀಶ ಕುರ್ಚಿ ತೋರಿಸಿದರು. ಸೌಮ್ಯಶ್ರೀ ಕೂರಲಿಲ್ಲ.

"ಈ ರೈಫಲ್ ಕ್ಲಬ್ಬಿಗೆ ಬಂದ ಮೇಲೆ ಯಾರೂ ಬಿಚ್ಚಿಲ್ಲ ಅಂತ ಹೇಳಿಕೆ ಕೊಟ್ಟಿದ್ದೀರಿ."

"ಹೌದು."

"ಬೋರಮ್ಮನವರು ಬಿಚ್ಚೋ ಮೊದಲೇ ತಳದ ಎರಡೂ ಸ್ಕ್ರೂ ತಲೆ ಮೇಲೆ ಹೊಸ ಗೀರುಗಳಿದ್ದವು ವಾಗೀಶರೇ. ಉಳಿದ ಕಡೆ ಧೂಳು ಕೂತಿತ್ತು, ಅಲ್ಲಿ ಮಾತ್ರ ಇರಲಿಲ್ಲ. ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತೆ?"

"ನನ್ನ ಹತ್ತಿರ. ಮತ್ತೆ..." ಅವರು ನಿಲ್ಲಿಸಿದರು.

"ಹೇಳಿ."

"ನಾನು ಮುಟ್ಟಿಲ್ಲ ಮೇಡಂ. ಆಣೆ ಮಾಡಿ ಹೇಳ್ತೀನಿ."

"ಯಾರು ಮುಟ್ಟಿದರು ಅಂತ ಗೊತ್ತಿತ್ತಲ್ಲ? ಗೊತ್ತಿದ್ದೂ ಆ ಹುಡುಗಿಯ ಮುಂದೆ ನಿಂತು, ಬೆರಳು ತಾಗಿತ್ತು ಅಂತ ಒಪ್ಪಿಕೋ ಅಂದಿರಿ. ಅವಳಪ್ಪನ ಕಣ್ಣಲ್ಲಿ ನೀರು ತರಿಸಿದಿರಿ. ಅವಳು ನಿಮ್ಮ ಮಾತು ಕೇಳಿದ್ದರೆ ಏನಾಗ್ತಿತ್ತು?"

ವಾಗೀಶರ ಮೀಸೆ ಅದುರಿತು. ಕಿಟಕಿಯ ಕಡೆ ತಿರುಗಿದರು. ತಿರುಗಿಕೊಂಡೇ ಹೇಳಿದರು:

"ಕ್ಲಬ್ಬಿನ ಹೆಸರು ಉಳಿಸೋಣ ಅಂತ ಮಾಡಿದೆ. ಬಿಚ್ಚಿದ್ದು ಕೃಷ್ಣಸ್ವಾಮಿ. ಒಂದು ಭಾನುವಾರ ಬೀಗದ ಕೈ ಇಸ್ಕೊಂಡು ರೈಫಲ್ ಮನೆಗೆ ತಗೊಂಡು ಹೋದರು. ಹಾಗೆ ಹೊರಗೆ ಒಯ್ಯೋದು ನಿಯಮಕ್ಕೆ ವಿರುದ್ಧ, ಆದರೂ ಕೊಟ್ಟೆ. ಅವರ ಮಾತಿಗೆ ಎದುರಾಡಿದವರು ಈ ಕ್ಲಬ್ಬಲ್ಲಿ ಯಾರೂ ಇಲ್ಲ. ವಾಪಸ್ಸು ತಂದಾಗ ಟ್ರಿಗರ್ ಬೆಣ್ಣೆಯಾಗಿತ್ತು."

"ಸುಳ್ಳು!"

ಬಾಗಿಲಲ್ಲಿ ಕೀರ್ತಿ ನಿಂತಿದ್ದಳು. ಪೇದೆ ಅವಳ ಹಿಂದೆಯೇ ಓಡಿಬಂದಿದ್ದಳು.

"ಸರ್ ಅಂಥ ಕೆಲಸ ಮಾಡಲ್ಲ. ನಂಗೆ ಒಂದು ತಿಂಗಳು ಗುಂಡೇ ಕೊಟ್ಟಿರ್ಲಿಲ್ಲ ಅವ್ರು, ಬರೀ ಖಾಲಿ ರೈಫಲ್ ಹಿಡಿಯೋದು ಕಲಿಸಿದ್ರು. ಹೊಡೆಯೋದು ಯಾರು ಬೇಕಾದ್ರೂ ಕಲೀತಾರೆ, ಹೊಡೀದೆ ಇರೋದು ಕಲಿ ಅಂತಿದ್ರು. ಅವ್ರು ಯಾಕೆ ಕೊಕ್ಕೆ ಉಜ್ತಾರೆ?"

"ಯಾಕೆ ಅಂತ ನನಗೂ ಹೇಳಿಲ್ಲಮ್ಮ," ಎಂದರು ವಾಗೀಶ. ಮೊದಲ ಸಲ ಅವರ ದನಿಯಲ್ಲಿ ನಾಟಕವಿರಲಿಲ್ಲ.

ಸೌಮ್ಯಶ್ರೀಯ ಫೋನ್ ಸದ್ದು ಮಾಡಿತು. ಆಸ್ಪತ್ರೆಯಲ್ಲಿ ಕಾವಲಿಗೆ ಹಾಕಿದ್ದ ಪೇದೆ ಬೀರೇಶ್.

"ಮೇಡಂ, ಕೃಷ್ಣಸ್ವಾಮಿಯವ್ರಿಗೆ ಪ್ರಜ್ಞೆ ಬಂತು."

"ಮಾತಾಡಿದ್ರಾ?"

"ಒಂದೇ ಮಾತು ಮೇಡಂ. 'ಎರಡೂ ರೈಫಲ್ ಬಿಚ್ಚಿ ನೋಡಿದ್ರಾ?' ಅಂದ್ರು. ಅಷ್ಟಕ್ಕೇ ಡಾಕ್ಟ್ರು ನಮ್ಮನ್ನ ಹೊರಗೆ ಹಾಕ್ಬುಟ್ರು."

"ಎರಡೂ ಅಂದ್ರಾ? ಸರಿಯಾಗಿ ಕೇಳಿಸ್ಕೊಂಡ್ರಾ?"

"ಅವ್ರ ಬಾಯಿ ಹತ್ರಾನೇ ಕಿವಿ ಇಟ್ಟಿದ್ದೆ ಮೇಡಂ. ಎರಡೂ ಅಂತ್ಲೇ ಅಂದ್ರು."

ಫೋನ್ ಇಳಿಸುವಷ್ಟರಲ್ಲಿ ವಾಗೀಶ ಕುರ್ಚಿಗೆ ಕುಸಿದಿದ್ದರು. ಅವರ ಇಸ್ತ್ರಿಯ ಅಂಗಿ ಕಂಕುಳಲ್ಲಿ ಒದ್ದೆಯಾಗಿತ್ತು.

"ಅದೇ ಕಂಪನಿಯದು, ಜೋಡಿ ರೈಫಲ್," ಎಂದರು. "ಎರಡೂ ಒಟ್ಟಿಗೇ ಮನೆಗೆ ಒಯ್ದಿದ್ದರು. ನೀವು ಕೇಳಲಿಲ್ಲ, ನಾನೂ..."

"ಎಲ್ಲಿದೆ ಅದು?"

"ಬೆಂಗಳೂರಲ್ಲಿ. ಸ್ಪರ್ಧೆ ಇವತ್ತೇ. ಸುಷ್ಮಿತಾ ಬೆಳಗ್ಗೆನೇ ತಗೊಂಡು ಹೋದಳು."

ತನ್ನ ಜಾಗ ಕಸಿದುಕೊಂಡವಳ ಹೆಸರು ಕಿವಿಗೆ ಬಿದ್ದ ಕ್ಷಣ ಕೀರ್ತಿ ಮುಂದೆ ನುಗ್ಗಿದಳು. "ನಂಬರ್ ನಂಗೆ ಬಾಯಿಗೆ ಬರುತ್ತೆ ಮೇಡಂ, ಒತ್ತಿ, ಬೇಗ ಒತ್ತಿ!" ಎಂದು ಒಂದೊಂದೇ ಅಂಕಿ ಹೇಳುತ್ತ ಹೋದಳು. ಒಂದಂಕಿಯೂ ತಪ್ಪಲಿಲ್ಲ. ಸೌಮ್ಯಶ್ರೀ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು.

ರಿಂಗಾಯಿತು. ರಿಂಗಾಗುತ್ತಲೇ ಇತ್ತು.

"ಎತ್ಕೊಳ್ಳೇ," ಎಂದು ಕೀರ್ತಿ ಫೋನಿಗೇ ಬಗ್ಗಿ ಗೋಗರೆದಳು. "ಎತ್ಕೊಳ್ಳೇ ಸುಷ್ಮೀ. ಬೋಲ್ಟ್ ಮುಚ್ಚಬೇಡ್ವೇ."

ಕರೆ ಕೊನೆಗೊಳ್ಳುವುದರಲ್ಲಿತ್ತು. ಅಷ್ಟರಲ್ಲಿ ಯಾರೋ ಎತ್ತಿಕೊಂಡರು. ಹಿಂದೆ ತುಂಬ ಜನ ಒಟ್ಟಿಗೆ ಕೂಗಾಡುತ್ತಿದ್ದರು. ಯಾರನ್ನೋ ದೂರ ಸರಿಯಲು, ಆಂಬುಲೆನ್ಸ್ ಕರೆಯಲು ಹೇಳುತ್ತಿದ್ದರು. ಆಮೇಲೆ ಏದುಸಿರು ಬಿಡುತ್ತಿದ್ದ ಗಂಡಸಿನ ದನಿಯೊಂದು, ಹತ್ತಿರದಿಂದ, ಕೇಳಿತು:

"ಹಲೋ? ಈ ಫೋನಿನ ಹುಡುಗಿಗೆ ನೀವು ಏನಾಗಬೇಕು?"